ಸ್ವೀಡನ್ನಿನಲ್ಲಿ ಸರ್ಕಾರದ ಮಾತು: ಎಲ್ಲಿ ನಂಬಬೇಕು, ಎಲ್ಲಿ ಕಡತ ಕೇಳಬೇಕು

ಸ್ವೀಡನ್ನಿಗೆ ಹೊಸದಾಗಿ ಬಂದ ನಮ್ಮವರಲ್ಲಿ ಎರಡು ಪಂಗಡ. ಸರ್ಕಾರಿ ಪತ್ರ ಕೈಗೆ ಬಂದ ಕೂಡಲೇ "ಇದಕ್ಕೆ ಯಾರನ್ನು ಹಿಡಿಯಬೇಕು?" ಎಂದು ಕೇಳುವವರು ಒಂದು ಕಡೆ, "ಇಲ್ಲಿ ಎಲ್ಲಾ ಸಿಸ್ಟಮ್ ಪ್ರಕಾರ ಆಗುತ್ತೆ ಬಿಡಿ" ಎಂದು ಪತ್ರ ಓದದೆ ಡ್ರಾಯರಿಗೆ ಹಾಕುವವರು ಇನ್ನೊಂದು ಕಡೆ. ಪೆಟ್ಟು ಇಬ್ಬರಿಗೂ ಬೀಳುತ್ತದೆ. ಇಲ್ಲಿನ ಜನ ಸರ್ಕಾರ ಹೇಳಿದ್ದನ್ನು ಬಹುಮಟ್ಟಿಗೆ ನಂಬುತ್ತಾರೆ, ನಿಜ. ಬೇಕೆಂದಾಗ ಕಡತ ತೆಗೆಸಿ ನೋಡಬಹುದು ಎಂಬ ಧೈರ್ಯ ಆ ನಂಬಿಕೆಯ ಹಿಂದಿದೆ. ಆ ಹಕ್ಕು ನಿಮಗೂ ಇದೆ, ಪೌರತ್ವ ಬೇಕಿಲ್ಲ.

ಮೊದಲು "ಯಾರನ್ನು ಹಿಡಿಯಬೇಕು" ಅನ್ನುವವರಿಗೆ ಉತ್ತರ. ಯಾರನ್ನೂ ಹಿಡಿದು ಪ್ರಯೋಜನವಿಲ್ಲ. ಒಬ್ಬ ವ್ಯಕ್ತಿಯ ಅರ್ಜಿಯ ಬಗ್ಗೆ ಇಲಾಖೆ ಏನು ತೀರ್ಮಾನಿಸಬೇಕು ಎಂದು ಯಾರೂ ಹೇಳುವಂತಿಲ್ಲ, ಸಂಸತ್ತು ಕೂಡ. ಇದು ಇಲ್ಲಿನ ಸಂವಿಧಾನದ 12ನೇ ಅಧ್ಯಾಯದಲ್ಲೇ ಇದೆ. ನಿಮ್ಮ ವರ್ಕ್ ಪರ್ಮಿಟ್ ತಡವಾಗಿದೆ ಎಂದು ಸಚಿವರಿಗೆ ಬರೆದರೆ, "ವೈಯಕ್ತಿಕ ಪ್ರಕರಣದಲ್ಲಿ ಕೈ ಹಾಕುವಂತಿಲ್ಲ" ಎಂಬ ಸಭ್ಯ ಉತ್ತರ ಬರುತ್ತದೆ. ಅದು ನುಣುಚಿಕೊಳ್ಳುವ ಮಾತಲ್ಲ, ಕೈ ಹಾಕಿದರೆ ಆ ಸಚಿವರೇ ಸಿಕ್ಕಿಬೀಳುತ್ತಾರೆ.

ಕಡತ ಕೇಳುವ ಹಕ್ಕು

1766ರ ಡಿಸೆಂಬರ್ 2ರಂದು ಸ್ವೀಡನ್ ಮುದ್ರಣ ಸ್ವಾತಂತ್ರ್ಯದ ಕಾನೂನು ಮಾಡಿತು. ಸರ್ಕಾರಿ ದಾಖಲೆಗಳನ್ನು ಜನ ನೋಡಬಹುದು ಎಂದು ಬರೆದ ಜಗತ್ತಿನ ಮೊದಲ ಕಾನೂನು ಅದು. ಅದಕ್ಕಾಗಿ ಹೋರಾಡಿದವರಲ್ಲಿ ಮುಖ್ಯರು ಆಂಡರ್ಸ್ ಶಿಡೇನಿಯಸ್, ಆಗ ಸ್ವೀಡನ್ನಿಗೆ ಸೇರಿದ್ದ ಫಿನ್‌ಲೆಂಡಿನ ಒಬ್ಬ ಪಾದ್ರಿ. ಕೆಲವೇ ವರ್ಷಗಳಲ್ಲಿ ದೊರೆ 3ನೇ ಗುಸ್ತಾವ್ ಅದನ್ನು ಮೊಟಕು ಮಾಡಿದ. 1809ರಲ್ಲಿ ರಾಜ್ಯಭಾರ ಬದಲಾದ ಮೇಲೆ ಮತ್ತೆ ಜೀವ ಬಂತು.

ಊರಿನ ಆರ್‌ಟಿಐ ಗೊತ್ತಿರುವವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಭಾರತದ ಪೌರರೇ ಆಗಿರಬೇಕು, 10 ರೂಪಾಯಿ ಕಟ್ಟಬೇಕು, 30 ದಿನ ಕಾಯಬೇಕು, ಕರ್ನಾಟಕದ ನಿಯಮದಲ್ಲಿ 150 ಪದ ಮೀರಬಾರದು. ಇಲ್ಲಿ ಹೆಸರನ್ನೇ ಹೇಳಬೇಕಿಲ್ಲ. ಯಾಕೆ ಬೇಕು ಎಂದೂ ಹೇಳಬೇಕಿಲ್ಲ, ಅದನ್ನು ಕೇಳುವ ಹಕ್ಕು ಸಾಮಾನ್ಯವಾಗಿ ಅಧಿಕಾರಿಗೂ ಇಲ್ಲ. ಉತ್ತರ ವಿಳಂಬವಿಲ್ಲದೆ ಬರಬೇಕು, ಅಂದರೆ ಅದೇ ದಿನ ಅಥವಾ ಕೆಲವೇ ದಿನಗಳಲ್ಲಿ.

ಪ್ರತಿ ಇಲಾಖೆಗೂ, ಪ್ರತಿ ಕೊಮ್ಯೂನಿಗೂ (ಊರಿನ ಸ್ಥಳೀಯ ಆಡಳಿತ) ರೆಜಿಸ್ಟ್ರಾಟರ್ ಎಂಬ ಒಬ್ಬರು ಇರುತ್ತಾರೆ. ಬಂದ ಪತ್ರಕ್ಕೆಲ್ಲ ಡೈರಿ ಸಂಖ್ಯೆ ಹಾಕುವ ಕೆಲಸ ಅವರದು. ಅವರ ಇಮೇಲ್ ವಿಳಾಸ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ಬರೆಯುವ ರೀತಿ ಹೀಗಿರಲಿ: "ಇಂಥ ಬೀದಿಯ ಇಂಥ ಪ್ರಿಸ್ಕೂಲಿನ ಅಡುಗೆಮನೆಗೆ ಮಾಡಿದ ಕೊನೆಯ ಎರಡು ಆಹಾರ ತಪಾಸಣೆಗಳ ವರದಿ ಬೇಕು. ಕೊಡಲಾಗದಿದ್ದರೆ ಮೇಲ್ಮನವಿ ಮಾಹಿತಿಯೊಂದಿಗೆ ಲಿಖಿತ ತೀರ್ಮಾನ ಕೊಡಿ." ಆ ಎರಡನೇ ವಾಕ್ಯ ಮರೆಯಬೇಡಿ. ಫೋನಿನಲ್ಲಿ "ಆಗಲ್ಲ" ಎಂದರೆ ಮೇಲ್ಮನವಿಗೆ ದಾರಿಯೇ ಇರುವುದಿಲ್ಲ. ಲಿಖಿತ ತೀರ್ಮಾನ ಕೈಗೆ ಬಂದರೆ ಮೂರು ವಾರದೊಳಗೆ ಮೇಲ್ಮನವಿ ಹಾಕಬಹುದು, ಅದು ಕಮ್ಮಾರ್‌ರೆಟ್ ಎಂಬ ನ್ಯಾಯಾಲಯಕ್ಕೆ ಹೋಗುತ್ತದೆ.

ಸರ್ಕಾರಿ ಇಲಾಖೆಗಳಲ್ಲಿ ಪ್ರತಿಯ ದರ: 9 ಪುಟದವರೆಗೆ ಉಚಿತ, 10 ಪುಟಕ್ಕೆ 50 ಕ್ರೋನಾ, ಆಮೇಲೆ ಪ್ರತಿ ಪುಟಕ್ಕೆ 2 ಕ್ರೋನಾ. ಕೊಮ್ಯೂನುಗಳು ತಮ್ಮದೇ ದರ ಇಟ್ಟಿರಬಹುದು. ಕಚೇರಿಗೆ ಹೋಗಿ ಕೂತು ಓದಿದರೆ ಎಲ್ಲಾದರೂ ಉಚಿತ. ಇಮೇಲಿನಲ್ಲೇ ಕಳಿಸಬೇಕೆಂಬ ಕಡ್ಡಾಯವಿಲ್ಲ, ಆದರೂ ಹೆಚ್ಚಿನವರು ಕಳಿಸುತ್ತಾರೆ.

ನಮ್ಮವರು ಹೆಚ್ಚಾಗಿ ಎಡವುವುದು ಪ್ರಶ್ನೆ ಕೇಳುವಲ್ಲಿ. "ನನ್ನ ಮಗನಿಗೆ ಆ ಶಾಲೆಯಲ್ಲಿ ಸೀಟು ಯಾಕೆ ಕೊಡಲಿಲ್ಲ?" ಎಂದು ಬರೆದರೆ ಬರುವುದು ಸಮಾಧಾನದ ಉತ್ತರ. "ಸೀಟು ಹಂಚಿಕೆಯ ತೀರ್ಮಾನ ಮತ್ತು ಅದಕ್ಕೆ ಬಳಸಿದ ನಿಯಮಾವಳಿ ಕೊಡಿ" ಎಂದರೆ ಕಾಗದ ಬರುತ್ತದೆ. ಈಗಾಗಲೇ ಇರುವ ದಾಖಲೆಯನ್ನು ಮಾತ್ರ ಕೊಡುತ್ತಾರೆ, ನಿಮಗಾಗಿ ಹೊಸದು ತಯಾರಿಸುವುದಿಲ್ಲ. ಮುಗಿಯದ ಕರಡು, ಒಳಗಿನ ಟಿಪ್ಪಣಿ, ಕಾಯಿಲೆಯ ವಿವರ, ಸಮಾಜಸೇವಾ ಇಲಾಖೆಯ ಕುಟುಂಬ ಕಡತ ಇವೆಲ್ಲ ಹೊರಗಿನವರಿಗೆ ಸಿಗವು. ಖಾಸಗಿ ಕಂಪನಿಗೆ ಈ ಕಾನೂನು ತಾಗದು. ಕೊಮ್ಯೂನಿನ ಒಡೆತನದ ವಸತಿ ಕಂಪನಿಗೆ, ನೀರಿನ ಕಂಪನಿಗೆ ತಾಗುತ್ತದೆ. ಸರ್ಕಾರಿ ನೌಕರರ ಸಂಬಳವೂ ಸಾರ್ವಜನಿಕ. ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಒಂದು ಲಾಭದ ಮಾತು: ಅಂಕ ಕೊಟ್ಟಾದ ಮೇಲೆ ಹಳೆಯ ಉತ್ತರ ಪತ್ರಿಕೆಗಳೂ ಕೇಳಿದರೆ ಸಿಗುತ್ತವೆ.

ಇದರ ಇನ್ನೊಂದು ಮುಖವೂ ಗೊತ್ತಿರಲಿ. ನೀವು ಕೊಮ್ಯೂನಿಗೆ ಬರೆದ ಇಮೇಲನ್ನು ಬೇರೆಯವರು ತರಿಸಿಕೊಳ್ಳಬಹುದು. ಪಕ್ಕದ ಮನೆಯವರ ಮೇಲೆ ದೂರು ಕೊಟ್ಟರೆ, ಅವರು ಅದನ್ನು ಹೆಸರಿನ ಸಮೇತ ಓದುವ ಸಾಧ್ಯತೆ ಬಹಳ. ನಿಮ್ಮ ತೆರಿಗೆಯ ಆದಾಯವನ್ನು ಯಾರು ಬೇಕಾದರೂ ತೆರಿಗೆ ಇಲಾಖೆ ಸ್ಕಾತ್ತೆವೆರ್ಕೆಟ್‌ಗೆ ಫೋನ್ ಮಾಡಿ ಕೇಳಬಹುದು. ವಿಳಾಸ, ಹುಟ್ಟಿದ ದಿನ ಹುಡುಕು ತಾಣಗಳಲ್ಲೇ ಇರುತ್ತವೆ. ಮೊದಲ ಸಲ ಕಂಡಾಗ ಗಾಬರಿಯಾಗುವುದು ಸಹಜ.

ನಂಬಿಕೆ ಕೆಟ್ಟ ಕಡೆ

ಇಲ್ಲಿ ಎಲ್ಲ ಸರಿ ಅನ್ನುವವರು ಬ್ಲೆಕಿಂಗೆ ಪ್ರಾಂತ್ಯದ ಕಲ್ಲಿಂಗೆ ಊರಿನ ಪ್ರಕರಣ ತಿಳಿಯಬೇಕು. ಪಕ್ಕದ ವಾಯುನೆಲೆಯಲ್ಲಿ ಬೆಂಕಿ ಆರಿಸುವ ಅಭ್ಯಾಸಕ್ಕೆ ಬಳಸಿದ ನೊರೆಯಲ್ಲಿ ಪಿಫಾಸ್ ಎಂಬ ರಾಸಾಯನಿಕಗಳಿದ್ದವು. ಅವು ಅಂತರ್ಜಲಕ್ಕೆ ಇಳಿದು, ವರ್ಷಗಟ್ಟಲೆ ನಲ್ಲಿ ನೀರಿನಲ್ಲಿ ಬಂದವು. 2013ರ ಡಿಸೆಂಬರಿನಲ್ಲಿ ಪರೀಕ್ಷೆ ಮಾಡಿದಾಗ ಬ್ರಾಂತಾಫೋರ್ಸ್ ಜಲಘಟಕವನ್ನೇ ಮುಚ್ಚಬೇಕಾಯಿತು. ನಿವಾಸಿಗಳು ಸಂಘ ಕಟ್ಟಿ ಕೊಮ್ಯೂನಿನ ನೀರಿನ ಕಂಪನಿಯ ಮೇಲೆ ದಾವೆ ಹೂಡಿದರು. ಕೆಳ ನ್ಯಾಯಾಲಯದಲ್ಲಿ ಗೆದ್ದರು, ಮೇಲಿನದರಲ್ಲಿ ಸೋತರು. ಕೊನೆಗೆ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ರಕ್ತದಲ್ಲಿ ಇಷ್ಟು ಹೆಚ್ಚು ಪಿಫಾಸ್ ಇರುವುದೇ ದೇಹಕ್ಕಾದ ಹಾನಿ ಎಂದಿತು. ಹತ್ತು ವರ್ಷ ಹಿಡಿಯಿತು.

ಆದ್ದರಿಂದ ಮನೆ ಕೊಳ್ಳುವಾಗ, ಅದರಲ್ಲೂ ವಿಮಾನ ನಿಲ್ದಾಣ ಅಥವಾ ಅಗ್ನಿಶಾಮಕ ತರಬೇತಿ ಮೈದಾನದ ಹತ್ತಿರ, ಕೊಮ್ಯೂನಿನಿಂದ ನೀರಿನ ಪರೀಕ್ಷಾ ವರದಿ ತರಿಸಿ ಪಿಫಾಸ್ ಸಾಲು ನೋಡಿ. ಸ್ವಂತ ಬಾವಿ ಇರುವ ಮನೆಯಾದರೆ ಪರೀಕ್ಷೆ ನಿಮ್ಮ ಜವಾಬ್ದಾರಿ. ಮೂರು ವರ್ಷಕ್ಕೊಮ್ಮೆಯಾದರೂ ಮಾಡಿಸಿ ಎನ್ನುತ್ತಾರೆ.

ಕೋವಿಡ್ ಕಾಲದ ಪಾಠ ಬೇರೆ. ಪೊಲೀಸ್ ಲಾಠಿ ಇಲ್ಲ, ಲಾಕ್‌ಡೌನ್ ಇಲ್ಲ, 9ನೇ ತರಗತಿಯವರೆಗೆ ಶಾಲೆಗಳು ಬಹುತೇಕ ತೆರೆದಿದ್ದವು. "ಶಿಫಾರಸು ತಾನೇ" ಎಂದು ಹೊರಗಿನಿಂದ ಬಂದ ಕೆಲವರು ಹಗುರವಾಗಿ ತೆಗೆದುಕೊಂಡರು. ಇಲ್ಲಿ ಶಿಫಾರಸು ಅಂದರೆ ದಂಡವಿಲ್ಲ, ಆದರೆ ಪಾಲಿಸುತ್ತಾರೆ ಎಂಬ ನಿರೀಕ್ಷೆ ಪೂರ್ತಿ ಇರುತ್ತದೆ. ಇನ್ನು ಕೆಲವರು ಭಾರತದ ಟಿವಿ ನೋಡಿ ಇಲ್ಲಿನ ನಿಯಮ ಊಹಿಸಿದರು. ಸ್ಟಾಕ್‌ಹೋಮಿನ ಮೊದಲ ಸಾವುಗಳಲ್ಲಿ ಸೊಮಾಲಿ ಮೂಲದವರ ಪಾಲು ಎದ್ದು ಕಂಡಿತು, ಅವರ ಭಾಷೆಯಲ್ಲಿ ಮಾಹಿತಿ ತಡವಾಯಿತೆಂಬ ಟೀಕೆ ಬಂತು. ಸರ್ಕಾರವೇ ನೇಮಿಸಿದ ಆಯೋಗ 2022ರ ಫೆಬ್ರವರಿಯಲ್ಲಿ ಅಂತಿಮ ವರದಿ ಕೊಟ್ಟಿತು: ಜನರ ಸ್ವಇಚ್ಛೆಯನ್ನು ನೆಚ್ಚಿದ್ದು ಮೂಲತಃ ಸರಿ, ಆದರೆ 2020ರ ಆರಂಭದಲ್ಲೇ ಇನ್ನೂ ಬಿಗಿಯಾದ ಕ್ರಮ ಬೇಕಿತ್ತು. ವೃದ್ಧರನ್ನು ಕಾಪಾಡುವುದರಲ್ಲಿ ಸೋಲಾಯಿತೆಂದು ಅದೇ ಆಯೋಗ 2020ರಲ್ಲೇ ಹೇಳಿತ್ತು. ವರದಿ ಎಲ್ಲರಿಗೂ ಸಿಗುತ್ತದೆ, ಓದಿ.

ಮಕ್ಕಳು ಮತ್ತು ಸಮಾಜಸೇವಾ ಇಲಾಖೆ

ವಾಟ್ಸಾಪಿನಲ್ಲಿ ಅತಿ ಹೆಚ್ಚು ಭಯ ಹರಡುವುದು ಈ ವಿಷಯದಲ್ಲಿ. ಸೋಶಿಯಾಲ್‌ಶೆನ್ಸ್ಟ್ (ಸಮಾಜಸೇವಾ ಇಲಾಖೆ) ಮುಸ್ಲಿಂ ಮಕ್ಕಳನ್ನು ಕದಿಯುತ್ತದೆ ಎಂಬ ಪ್ರಚಾರ 2021ರ ಕೊನೆಯಿಂದ ದೇಶದಾಚೆಗೂ ಹಬ್ಬಿತು. ಇಂಥ ಸುಳ್ಳು ಪ್ರಚಾರ ಎದುರಿಸಲೆಂದೇ ಮಾನಸಿಕ ರಕ್ಷಣಾ ಸಂಸ್ಥೆಯೊಂದು 2022ರ ಜನವರಿ 1ರಂದು ಕಾರ್ಲ್‌ಸ್ಟಾಡ್‌ನಲ್ಲಿ ಶುರುವಾಗಿತ್ತು.

ನಡೆಯುವ ಕ್ರಮ ಇದು. ಮಕ್ಕಳಿಗೆ ಹೊಡೆಯುವುದು 1979ರಿಂದ ನಿಷಿದ್ಧ, ಒಂದು ಏಟೂ ಕೂಡ. ಶಿಕ್ಷಕರಿಗೆ, ವೈದ್ಯರಿಗೆ ಅನುಮಾನ ಬಂದರೆ ತಿಳಿಸುವುದು ಕಡ್ಡಾಯ. ಅವರು ನಿಮ್ಮ ಮೇಲಿನ ಹಗೆಯಿಂದ ಹಾಗೆ ಮಾಡಿರುವುದಿಲ್ಲ. ತನಿಖೆ ಬೇಕೇ ಎಂದು ಇಲಾಖೆ 14 ದಿನದಲ್ಲಿ ತೀರ್ಮಾನಿಸುತ್ತದೆ, ತನಿಖೆ ಸಾಮಾನ್ಯವಾಗಿ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಹೆಚ್ಚಿನವು ಸಲಹೆಯಲ್ಲೋ ನೆರವಿನಲ್ಲೋ ಕೊನೆಯಾಗುತ್ತವೆ. ಪೋಷಕರ ಇಚ್ಛೆಗೆ ವಿರುದ್ಧವಾಗಿ ಮಗುವನ್ನು ಬೇರೆಡೆ ಇರಿಸಲು ಆಡಳಿತ ನ್ಯಾಯಾಲಯದ ಆದೇಶ ಬೇಕು. ತುರ್ತಿನಲ್ಲಿ ಮೊದಲೇ ತೆಗೆದುಕೊಂಡರೆ ಒಂದು ವಾರದೊಳಗೆ ನ್ಯಾಯಾಲಯದ ಮುಂದಿಡಬೇಕು. ನಿಮಗೆ ಸರ್ಕಾರಿ ಖರ್ಚಿನಲ್ಲಿ ವಕೀಲರು, ಬೇಕಾದರೆ ದುಭಾಷಿ ಸಿಗುತ್ತಾರೆ. ಸಭೆಗೆ ಕರೆದರೆ ಹೋಗಿ. ತಪ್ಪಿಸಿಕೊಂಡರೆ ಅದೂ ಕಡತದಲ್ಲಿ ಸೇರುತ್ತದೆ. ನಿಮ್ಮ ಬಗ್ಗೆ ಏನು ಬರೆದಿದ್ದಾರೆ ಎಂದು ಓದಲು ಕೇಳಿ, ತಪ್ಪಿದ್ದರೆ ನಿಮ್ಮ ಆಕ್ಷೇಪವನ್ನು ಬರೆಸಿ.

ಹಾಗಂತ ಈ ವ್ಯವಸ್ಥೆ ನಿಷ್ಕಳಂಕ ಎಂದು ಯಾರೂ ಹೇಳುತ್ತಿಲ್ಲ. ಹಿಂದೆ ಸಾಕುಮನೆಗಳಲ್ಲಿ, ಮಕ್ಕಳ ಗೃಹಗಳಲ್ಲಿ ಹಿಂಸೆ ಅನುಭವಿಸಿದವರ ಮುಂದೆ ದೇಶ 2011ರಲ್ಲಿ ಅಧಿಕೃತವಾಗಿ ಕ್ಷಮೆ ಕೇಳಿತು. ಆಮೇಲೆ ತಲಾ 2,50,000 ಕ್ರೋನಾ ಪರಿಹಾರ ಇಟ್ಟಿತು, ಅರ್ಜಿ ಹಾಕಿದವರಲ್ಲಿ ಬಹಳ ಮಂದಿಗೆ ಅದೂ ಸಿಗಲಿಲ್ಲ.

ತಡವಾದಾಗ, ಅನ್ಯಾಯವಾದಾಗ

ಮಿಗ್ರೇಷನ್ಸ್‌ವೆರ್ಕೆಟ್ (ವಲಸೆ ಇಲಾಖೆ) ಆರು ತಿಂಗಳಲ್ಲಿ ನಿಮ್ಮ ಅರ್ಜಿ ತೀರ್ಮಾನಿಸದಿದ್ದರೆ, ಆಡಳಿತ ಕಾನೂನಿನ 12ನೇ ಕಲಮಿನಂತೆ "ತೀರ್ಮಾನ ಕೊಡಿ" ಎಂದು ಬರೆದು ಕೇಳಬಹುದು. ನಾಲ್ಕು ವಾರದೊಳಗೆ ಅವರು ತೀರ್ಮಾನ ಕೊಡಬೇಕು, ಇಲ್ಲವೇ ನಿಮ್ಮ ಕೋರಿಕೆ ತಳ್ಳಿಹಾಕಿ ಆದೇಶ ಕೊಡಬೇಕು. ತಳ್ಳಿಹಾಕಿದರೆ ವಲಸೆ ನ್ಯಾಯಾಲಯಕ್ಕೆ ಹೋಗಬಹುದು. ನಮ್ಮ ಸಕಾಲದ ನೆನಪಾದೀತು, ಆದರೆ ಇಲ್ಲಿ ಒಂದು ಅರ್ಜಿಗೆ ಒಂದೇ ಅವಕಾಶ. ಸಂಬಳದ ಸ್ಲಿಪ್, ವಿಮೆಯ ಕಾಗದ ಎಲ್ಲಾ ಸೇರಿಸಿದ ಮೇಲೆ ಬಳಸಿ. ಅರ್ಧಂಬರ್ಧ ಕಡತದ ಮೇಲೆ ತೀರ್ಮಾನ ಒತ್ತಾಯಿಸಿದರೆ ಬೇಡದ ಉತ್ತರ ಬೇಗ ಬರುತ್ತದೆ ಅಷ್ಟೆ.

ಅಧಿಕಾರಿಯ ನಡತೆಯೇ ಸರಿಯಿಲ್ಲದಿದ್ದರೆ ಯುಸ್ತಿತ್ಸಿಯೆ ಓಂಬುಡ್ಸ್‌ಮನ್, ಚುಟುಕಾಗಿ ಜೆಒ (JO), ಇಲಾಖೆಗಳ ಮೇಲಿನ ದೂರು ಕೇಳುವವರು. 1809ರಿಂದ ಇರುವ ಈ ಹುದ್ದೆಯ ಕಲ್ಪನೆಯಿಂದಲೇ ಭಾರತದ ಲೋಕಾಯುಕ್ತ ಹುಟ್ಟಿದ್ದು. ಕರ್ನಾಟಕದ ಕಾಯ್ದೆ 1984ರದು. ಬಲೆ ಬೀಸಿ ಲಂಚ ಹಿಡಿಯುವ ಲೋಕಾಯುಕ್ತ ಪೊಲೀಸರಂಥದ್ದು ಇವರಲ್ಲಿಲ್ಲ. ತೀರ್ಮಾನ ಬದಲಿಸುವ ಅಧಿಕಾರವೂ ಇಲ್ಲ, ಆದರೆ ಇವರ ಬಹಿರಂಗ ಟೀಕೆಗೆ ಇಲಾಖೆಗಳು ಅಂಜುತ್ತವೆ. ದೂರಿಗೆ ಶುಲ್ಕವಿಲ್ಲ, ಎರಡು ವರ್ಷಕ್ಕಿಂತ ಹಳೆಯದನ್ನು ಸಾಮಾನ್ಯವಾಗಿ ಎತ್ತಿಕೊಳ್ಳುವುದಿಲ್ಲ. ದೂರು ಕೂಡ ಸಾರ್ವಜನಿಕ ದಾಖಲೆ ಎಂಬುದು ತಲೆಯಲ್ಲಿರಲಿ.

ಕೂಡಲೇ ನಂಬಬೇಕಾದ್ದು, ಯಾವತ್ತೂ ನಂಬಬಾರದ್ದು

ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಮೊದಲ ಸೋಮವಾರ ರಜೆಯಿಲ್ಲದಿದ್ದರೆ ಮಧ್ಯಾಹ್ನ 3ಕ್ಕೆ ಸೈರನ್ ಕೂಗುತ್ತದೆ. ಅದು ಪರೀಕ್ಷೆ. ಬೇರೆ ಹೊತ್ತಿನಲ್ಲಿ 7 ಸೆಕೆಂಡ್ ಸದ್ದು, 14 ಸೆಕೆಂಡ್ ಮೌನ ಎಂದು ಮತ್ತೆ ಮತ್ತೆ ಕೇಳಿದರೆ ಒಳಗೆ ಹೋಗಿ, ಕಿಟಕಿ, ಗಾಳಿ ಕಿಂಡಿ ಮುಚ್ಚಿ, ಪಿ4 ರೇಡಿಯೊ ಹಾಕಿ. ಆಗ ಚರ್ಚೆ ಬೇಡ. ವಿವರಕ್ಕೆ 113 13, ಪ್ರಾಣಾಪಾಯವಿದ್ದರೆ ಮಾತ್ರ 112.

2024ರಲ್ಲಿ ಮನೆಮನೆಗೆ ಬಂದ ಯುದ್ಧ-ಸಂಕಟದ ಕೈಪಿಡಿ, ವಾರಕ್ಕಾಗುವಷ್ಟು ನೀರು ಆಹಾರ ಇಟ್ಟುಕೊಳ್ಳಿ ಎನ್ನುವುದರ ಜೊತೆಗೆ ಇನ್ನೊಂದನ್ನೂ ಹೇಳುತ್ತದೆ: ಪ್ರತಿರೋಧ ನಿಲ್ಲಿಸಿ ಎಂಬ ಸುದ್ದಿ ಎಲ್ಲಿಂದ ಬಂದರೂ ಸುಳ್ಳು. ತನ್ನ ಹೆಸರಿನಲ್ಲಿ ಬರಬಹುದಾದ ಸುಳ್ಳನ್ನು ಸರ್ಕಾರ ಮುಂಚೆಯೇ ಹೇಳಿಟ್ಟಿದೆ.

ತೆರಿಗೆ ವಾಪಸ್ ಬರುವ ವಸಂತದಲ್ಲಿ "ಹಣ ಪಡೆಯಲು ಇಲ್ಲಿ ಒತ್ತಿ" ಎಂಬ ಎಸ್ಸೆಮ್ಮೆಸ್ ಬರುತ್ತದೆ. ಒತ್ತಬೇಡಿ. ನೀವೇ ಸ್ಕಾತ್ತೆವೆರ್ಕೆಟ್ ತಾಣ ತೆರೆದು ನೋಡಿ. ಫೋನ್ ಮಾಡಿದವರು ಬ್ಯಾಂಕ್‌ಐಡಿ (ಫೋನಿನ ಗುರುತಿನ ಆ್ಯಪ್) ತೆರೆಯಿರಿ ಎಂದರೆ, ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತಾಡಿದರೂ, ಇಟ್ಟುಬಿಡಿ.

ಮತದಾನದ್ದೂ ಹೇಳಿಬಿಡುವುದು ಒಳ್ಳೆಯದು, ಬಹಳ ಮಂದಿಗೆ ಗೊತ್ತಿಲ್ಲ. ಸತತ ಮೂರು ವರ್ಷ ಇಲ್ಲಿ ನೋಂದಾಯಿತ ನಿವಾಸಿಯಾಗಿದ್ದರೆ, ಭಾರತದ ಪಾಸ್‌ಪೋರ್ಟ್ ಇದ್ದರೂ ಕೊಮ್ಯೂನ್ ಮತ್ತು ಪ್ರಾದೇಶಿಕ ಚುನಾವಣೆಯಲ್ಲಿ ಮತ ಹಾಕಬಹುದು; ಸಂಸತ್ತಿಗೆ ಮಾತ್ರ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಸೆಪ್ಟೆಂಬರಿನ ಎರಡನೇ ಭಾನುವಾರ. ಮತದಾರರ ಕಾರ್ಡ್ ಅಂಚೆಯಲ್ಲಿ ಬರುತ್ತದೆ, ಕಳೆದುಹೋದರೂ ಚಿಂತೆಯಿಲ್ಲ: ಆ ದಿನ ನಿಮ್ಮ ಮತಗಟ್ಟೆಯಲ್ಲಿ ಗುರುತಿನ ಚೀಟಿ ತೋರಿಸಿದರೆ ಸಾಕು.