ಮೈಟೋಕಾಂಡ್ರಿಯ ಎಷ್ಟು ಕ್ಯಾಲ್ಸಿಯಂ ತಡೆದುಕೊಳ್ಳುತ್ತೆ? ನಾನು ಅಳೆಯುವ ರೀತಿ

ಇಲಿಯ ಲಿವರ್‌ನಿಂದ ಮೈಟೋಕಾಂಡ್ರಿಯ ಬೇರ್ಪಡಿಸಿ, ಅವು ಎಷ್ಟು ಕ್ಯಾಲ್ಸಿಯಂಗೆ ಕೈಚೆಲ್ಲುತ್ತವೆ ಅಂತ ನೋಡುವುದು ನನಗೆ ತುಂಬಾ ಇಷ್ಟದ ಪ್ರಯೋಗ. ಒಂದು ಕೋಶ ಸಾಯುವುದಕ್ಕೆ ಮೊದಲು ಒಳಗೆ ಏನಾಗುತ್ತೆ ಅನ್ನುವುದು ಇಲ್ಲಿ ಕಣ್ಣೆದುರೇ ಗ್ರಾಫ್ ಆಗಿ ಬರುತ್ತದೆ.

ಎಲ್ಲವೂ ಐಸ್ ಮೇಲೆ. ಸುಕ್ರೋಸ್ ಬಫರ್‌ನಲ್ಲಿ ಲಿವರನ್ನು ಮೆಲ್ಲಗೆ ಅರೆದು, ಮೊದಲು ಸೆಂಟ್ರಿಫ್ಯೂಜ್‌ನಲ್ಲಿ 600 ಜಿ ಬಲದಲ್ಲಿ (ಅಂದರೆ ಗುರುತ್ವದ 600 ಪಟ್ಟು) ತಿರುಗಿಸಿ ನ್ಯೂಕ್ಲಿಯಸ್‌ಗಳನ್ನು ಕೆಳಗೆ ಕೂರಿಸುತ್ತೇನೆ. ಮೇಲಿನ ದ್ರವವನ್ನು 7000 ಜಿ ಬಲದಲ್ಲಿ ತಿರುಗಿಸಿದರೆ ಮೈಟೋಕಾಂಡ್ರಿಯ ಸಿಗುತ್ತವೆ. ಅರೆಯುವಾಗ ಹೊರಬರುವ ಕ್ಯಾಲ್ಸಿಯಂ ಹಿಡಿದಿಡಲು ಬಫರ್‌ನಲ್ಲಿ ಇಜಿಟಿಎ ಎಂಬ ರಾಸಾಯನಿಕ ಬೇಕೇ ಬೇಕು. ಆದರೆ ಕೊನೆಯ ಸಲ ತೊಳೆಯುವಾಗ ಅದು ಇರಬಾರದು. ಉಳಿದರೆ ನಾವು ಆಮೇಲೆ ಹಾಕುವ ಕ್ಯಾಲ್ಸಿಯಂ ಅದರ ಪಾಲಾಗುತ್ತದೆ. ಮೈಟೋಕಾಂಡ್ರಿಯ ಭಾರೀ ಗಟ್ಟಿ ಅನ್ನುವ ಸುಳ್ಳು ಉತ್ತರ ಬರುತ್ತದೆ.

ಇನ್ನು ಅಳತೆ. ಸಕ್ಸಿನೇಟ್ (ಮೈಟೋಕಾಂಡ್ರಿಯಕ್ಕೆ ಇಂಧನ), ರೋಟೆನೋನ್ (ಎಲೆಕ್ಟ್ರಾನ್ ಹರಿವಿನ ಮೊದಲ ಹಂತ ತಡೆಯುವ ವಸ್ತು), ಫಾಸ್ಫೇಟ್ ಇರುವ ಬಫರ್‌ಗೆ ಕ್ಯಾಲ್ಸಿಯಂ ಗ್ರೀನ್-5ಎನ್ ಎಂಬ, ಕ್ಯಾಲ್ಸಿಯಂ ಸಿಕ್ಕರೆ ಹೊಳೆಯುವ ಬಣ್ಣ ಸೇರಿಸುತ್ತೇನೆ. ಅದು ಪೊರೆ ದಾಟಿ ಒಳಗೆ ಹೋಗುವುದಿಲ್ಲ, ಹೊರಗಿನ ಕ್ಯಾಲ್ಸಿಯಂ ಎಷ್ಟು ಅಂತಷ್ಟೇ ಹೇಳುತ್ತದೆ. ಕ್ಯಾಲ್ಸಿಯಂ ಒಂದು ಚೂರು ಹಾಕಿದ ತಕ್ಷಣ ಗ್ರಾಫ್‌ನಲ್ಲಿ ಆ ಹೊಳಪಿನ ಗೆರೆ ಮೇಲೆ ಚಿಮ್ಮುತ್ತದೆ. ಮೈಟೋಕಾಂಡ್ರಿಯ ಅದನ್ನು ಒಳಗೆಳೆದುಕೊಂಡ ಹಾಗೆ ಮತ್ತೆ ಕೆಳಗಿಳಿಯುತ್ತದೆ. ಇನ್ನೊಂದು ಚೂರು, ಮತ್ತೆ ಅದೇ. ಕೆಲವು ಸಲ ಆದ ಮೇಲೆ ಇಳಿಯುವುದು ನಿಧಾನವಾಗುತ್ತದೆ. ಆಮೇಲೆ ಕ್ಯಾಲ್ಸಿಯಂ ಹಾಕದೆ ಸುಮ್ನೆ ಬಿಟ್ಟರೂ ಗೆರೆ ತಾನಾಗಿ ಏರುತ್ತದೆ. ಅಷ್ಟು ಹೊತ್ತು ಕೂಡಿಟ್ಟಿದ್ದೆಲ್ಲ ಹೊರಗೆ! ಒಳಪೊರೆಯ ರಂಧ್ರ ತೆರೆದಿದೆ ಅಂತ ಅರ್ಥ. ಸುಮಾರು 1500 ಡಾಲ್ಟನ್ (ಅಣುವಿನ ತೂಕದ ಅಳತೆ) ವರೆಗಿನ ಅಣುಗಳು ಅದರಲ್ಲಿ ನುಸುಳುತ್ತವೆ.

ಗೆರೆ ಏರಿತು ಅಂದ ಮಾತ್ರಕ್ಕೆ ರಂಧ್ರವೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಪಕ್ಕದಲ್ಲೇ 1 ಮೈಕ್ರೋಮೋಲಾರ್ ಸೈಕ್ಲೋಸ್ಪೋರಿನ್ ಎ ಎಂಬ ಔಷಧ ಹಾಕಿದ ಸ್ಯಾಂಪಲ್ ಇರಲೇಬೇಕು. ಅದು ರಂಧ್ರ ತೆರೆಯಲು ನೆರವಾಗುವ ಸೈಕ್ಲೋಫಿಲಿನ್ ಡಿ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ರಂಧ್ರ ತಡವಾಗಿ ತೆರೆಯುತ್ತದೆ. ಅದೇ ಮೈಟೋಕಾಂಡ್ರಿಯ ಆಗ ಎಷ್ಟೋ ಜಾಸ್ತಿ ಕ್ಯಾಲ್ಸಿಯಂ ತಡೆದುಕೊಳ್ಳುತ್ತವೆ. ಈ ವ್ಯತ್ಯಾಸ ಕಾಣದಿದ್ದರೆ ಆ ದಿನದ ಗ್ರಾಫನ್ನು ನಾನು ನಂಬುವುದಿಲ್ಲ. ಸಿಕ್ಕ ಉತ್ತರವನ್ನು ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ ಇಷ್ಟು ನ್ಯಾನೋಮೋಲ್ ಅಂತ ಬರೆದಿಡುತ್ತೇನೆ.

ಇನ್ನೊಂದು ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ) 540 ನ್ಯಾನೋಮೀಟರ್ ಬೆಳಕು ಹಾಯಿಸಿದರೆ ಮೈಟೋಕಾಂಡ್ರಿಯ ಊದುವುದೂ ಗೊತ್ತಾಗುತ್ತದೆ. ಮಬ್ಬಾಗಿದ್ದ ದ್ರವ ತಿಳಿಯಾಗುತ್ತಾ ಹೋಗುತ್ತದೆ. ಒಳಪೊರೆ ಮಡಿಕೆ ಮಡಿಕೆಯಾಗಿರುವುದರಿಂದ ಹಿಗ್ಗುತ್ತದೆ, ಹೊರಪೊರೆ ಹಿಗ್ಗಲಾರದೆ ಹರಿಯುತ್ತದೆ. ಕೋಶದೊಳಗೆ ಹೀಗಾದರೆ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಹೊರಬಂದು, ಕೋಶವನ್ನು ಕ್ರಮಬದ್ಧವಾಗಿ ಸಾಯಿಸುವ ಕ್ಯಾಸ್ಪೇಸ್ ಕಿಣ್ವಗಳನ್ನು ಎಬ್ಬಿಸಬಹುದು. ಆದರೆ ಆ ದಾರಿಗೆ ಎಟಿಪಿ, ಅಂದರೆ ಕೋಶದ ಶಕ್ತಿಯ ಅಣು, ಬೇಕು. ತುಂಬಾ ಮೈಟೋಕಾಂಡ್ರಿಯ ಒಟ್ಟಿಗೆ ಕೈಕೊಟ್ಟರೆ ಎಟಿಪಿ ತಯಾರಿಸಬೇಕಾದ ಯಂತ್ರವೇ ಹಿಂದುಮುಂದಾಗಿ ತಿರುಗಿ, ಇರುವ ಎಟಿಪಿಯನ್ನೂ ಖಾಲಿ ಮಾಡುತ್ತದೆ. ಆಗ ಕೋಶ ನೆಕ್ರೋಸಿಸ್‌ನಲ್ಲೇ, ಅಂದರೆ ಕ್ರಮವಿಲ್ಲದೆ ಒಡೆದು, ಸಾಯುತ್ತದೆ.

ಬಫರ್‌ನ ಪಿಎಚ್ ಬಗ್ಗೆಯೂ ನಾನು ಹಠ ಹಿಡಿಯುತ್ತೇನೆ, 7.4ರಿಂದ ಅಲುಗಬಾರದು. ಆಮ್ಲ ಹೆಚ್ಚಾದರೆ ರಂಧ್ರ ಮುಚ್ಚಿಯೇ ಇರುತ್ತದೆ. ಹೃದಯಾಘಾತದಲ್ಲಿ ಆಗುವುದೂ ಇದೇ ಅಲ್ವಾ? ರಕ್ತ ನಿಂತಾಗ ಕೋಶದಲ್ಲಿ ಆಮ್ಲ ಜಾಸ್ತಿ, ರಂಧ್ರ ಮುಚ್ಚಿರುತ್ತದೆ. ರಕ್ತ ಮತ್ತೆ ಹರಿದು ಪಿಎಚ್ ಸರಿಹೋಗುವ ಹೊತ್ತಿಗೆ, ಕ್ಯಾಲ್ಸಿಯಂ ತುಂಬಿಕೊಂಡ ಮೈಟೋಕಾಂಡ್ರಿಯದಲ್ಲಿ ಅದು ತೆರೆಯುತ್ತದೆ.