ಡಿವಿಡೆಂಡಿನಲ್ಲಿ ಹಿಡಿದ 25 ಪರ್ಸೆಂಟಿಗೆ ಪೂರ್ತಿ ಕ್ರೆಡಿಟ್ ಪಡೆದೆ

ಕಂಪನಿ ತನ್ನ ನೌಕರರಿಗೆ ಕೊಡುವ ಇಎಸ್‌ಪಿಪಿ, ಆರ್‌ಎಸ್‌ಯು ಷೇರಿನ ಡಿವಿಡೆಂಡಿಗೆ ಅಮೆರಿಕದಲ್ಲಿ ತೆರಿಗೆ ಹಿಡಿದರೆ ಆ ದುಡ್ಡು ಹೋದ ಹಾಗೇ ಅಂತ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು. ನಮ್ಮ ಆಡಿಟರ್ ಕೂಡ ‘ಫಾರ್ಮ್ 67ರ ತಂಟೆ ಬೇಡ ಸಾರ್, ಕೈಗೆ ಬಂದಷ್ಟು ತೋರಿಸಿ ಬಿಡೋಣ’ ಅನ್ನುತ್ತಿದ್ದರು. ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಿರಿ (ಅದೇ ಕ್ರೆಡಿಟ್) ಅಂತ ಕೇಳುವ ಫಾರ್ಮ್ ಅದು. 2024-25ರ ಅಸೆಸ್‌ಮೆಂಟ್ ವರ್ಷದ ಐಟಿಆರ್-2 ಅನ್ನು ನಾನೇ ಕೂತು ತುಂಬಿದೆ. ತೆರಿಗೆ ಇಲಾಖೆಯ ಇಂಟಿಮೇಶನ್ ಬಂದಾಗ ಸೆಕ್ಷನ್ 90ರ (ವಿದೇಶಿ ತೆರಿಗೆಯ ಕ್ರೆಡಿಟ್) ಸಾಲಿನಲ್ಲಿ ನಾನು ಕೇಳಿದ್ದೂ ಸಿಕ್ಕಿದ್ದೂ ಒಂದೇ ಮೊತ್ತ.

ದುಡ್ಡಿನ ಲೆಕ್ಕ ಮೊದಲು. ವರ್ಷಕ್ಕೆ ಸುಮಾರು 1,200 ಡಾಲರ್ ಡಿವಿಡೆಂಡ್, ಅದರಲ್ಲಿ 300 ಅಲ್ಲೇ ಕಟ್. ಆಡಿಟರ್ ದಾರಿಯಲ್ಲಿ ಉಳಿದ 900ರ ಮೇಲೆ ಸೆಸ್ ಸೇರಿ 31.2 ಪರ್ಸೆಂಟ್, ಅಂದರೆ 23 ಸಾವಿರದಷ್ಟು ಇಲ್ಲಿ ಮತ್ತೆ ಕಟ್ಟಬೇಕು. ಪೂರ್ತಿ 1,200 ತೋರಿಸಿ 300ಕ್ಕೆ ಕ್ರೆಡಿಟ್ ಕೇಳಿದರೆ ಕಟ್ಟುವುದು ಆರು ಸಾವಿರ ಚಿಲ್ಲರೆ. ಹಿಂದಿನ ವರ್ಷಗಳಲ್ಲಿ ಹೀಗೆ ಬಿಟ್ಟುಕೊಟ್ಟದ್ದು ಎಷ್ಟಾಯಿತು ಅಂತ ಕೂಡಿಸಿ ನೋಡಿದಾಗ ಹೊಟ್ಟೆ ಉರಿಯಿತು.

ಎಲ್ಲರೂ ಎಡವುವುದು ಎರಡು ಕ್ಯಾಲೆಂಡರಿನ ನಡುವೆ. ರಿಟರ್ನಿನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಗೆ ಜನವರಿ-ಡಿಸೆಂಬರ್, ವಿದೇಶಿ ಆದಾಯ ತೋರಿಸುವ ಎಫ್‌ಎಸ್‌ಐಗೆ ಏಪ್ರಿಲ್-ಮಾರ್ಚ್. 2023ರ ಮಾರ್ಚ್ ಡಿವಿಡೆಂಡ್ ನನ್ನ ಎಫ್‌ಎಯಲ್ಲಿದೆ, ಎಫ್‌ಎಸ್‌ಐಯಲ್ಲಿಲ್ಲ. 2024ರ ಮಾರ್ಚಿನದು ಇದಕ್ಕೆ ತದ್ವಿರುದ್ಧ. ಅಮೆರಿಕದಲ್ಲಿ ತೆರಿಗೆ ಹಿಡಿದದ್ದಕ್ಕೆ ಪುರಾವೆಯಾದ 1042-ಎಸ್ ಫಾರ್ಮ್ ಕೂಡ ಕ್ಯಾಲೆಂಡರ್ ವರ್ಷದ್ದೇ ಆದ್ದರಿಂದ ನಮ್ಮ ವರ್ಷದ ಕೊನೆಯ (ಜನವರಿ-ಮಾರ್ಚ್) ಕ್ವಾರ್ಟರಿನ ಪುರಾವೆ ಅದರಲ್ಲಿ ಸಿಗುವುದಿಲ್ಲ. ಬ್ರೋಕರ್ ಸ್ಟೇಟ್‌ಮೆಂಟನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ ಫಾರ್ಮ್ 67ಕ್ಕೆ ಲಗತ್ತಿಸಿದೆ. ವಿದೇಶಿ ಆಸ್ತಿ ತೋರಿಸದಿದ್ದರೆ ಬೀಳುವ 10 ಲಕ್ಷ ದಂಡದ ಭಯಕ್ಕೆ ಎಫ್‌ಎ ಮಾತ್ರ ಜೋಪಾನವಾಗಿ ತುಂಬಿ, ದುಡ್ಡು ಉಳಿಸುವ ಎಫ್‌ಎಸ್‌ಐ, ಟಿಆರ್ (ಕ್ರೆಡಿಟ್ ಕೇಳುವ ಶೆಡ್ಯೂಲ್) ಎರಡನ್ನೂ ಖಾಲಿ ಬಿಟ್ಟವರನ್ನು ಎಷ್ಟೋ ಜನರನ್ನು ಕಂಡಿದ್ದೇನೆ.

ಡಾಲರ್ ದರ ಡಿವಿಡೆಂಡ್ ಬಂದ ದಿನದ್ದಲ್ಲ. ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕು ಡಾಲರ್ ಕೊಳ್ಳುವ ದರ. ಮಾರ್ಚಿನದಕ್ಕೆ ಫೆಬ್ರವರಿ 29ರದು, ಜೂನಿನದಕ್ಕೆ ಮೇ 31ರದು. ಆ ವರ್ಷ ನನಗೆ ಎಲ್ಲವೂ 82-83ರ ಆಸುಪಾಸಿನಲ್ಲಿದ್ದವು. ಎಫ್‌ಎಗೆ ಬೇಕಾದ 2023ರ ಡಿಸೆಂಬರ್ 31 ಭಾನುವಾರವಾಗಿತ್ತು, ಅದರ ಹಿಂದೆ ಸಿಕ್ಕ ಕೊನೆಯ ದರ ಹಿಡಿದೆ. ಫಾರ್ಮ್ 67, ಎಫ್‌ಎಸ್‌ಐ, ಟಿಆರ್ ಮೂರರಲ್ಲೂ ಒಂದು ರೂಪಾಯಿ ಕೂಡ ಆಚೀಚೆ ಆಗದಂತೆ ರೌಂಡ್ ಮಾಡುವ ನನ್ನದೊಂದು ಎಕ್ಸೆಲ್ ಶೀಟ್ ಇದೆ. ಅದರ ಫಾರ್ಮುಲಾ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಫಾರ್ಮ್ 67 ಮೊದಲು, ರಿಟರ್ನ್ ಆಮೇಲೆ. ಈ ಕ್ರಮ ಮಾತ್ರ ತಪ್ಪಿಸಬೇಡಿ.

ನಡುವೆ ಒಂದು ವರ್ಷ ಡಿವಿಡೆಂಡ್ ರೀಇನ್ವೆಸ್ಟ್ಮೆಂಟ್ ಆನ್ ಮಾಡಿ ನೋಡಿದೆ. ಕೈಗೆ ಕಾಸು ಬರದಿದ್ದರೂ ತೆರಿಗೆ ಅಷ್ಟೇ. ಮೇಲಾಗಿ ಕ್ವಾರ್ಟರಿಗೊಂದು ಚೂರು ಷೇರು ಹುಟ್ಟುತ್ತದೆ, ಪ್ರತಿ ಚೂರಿಗೂ ಬೇರೆ ಖರೀದಿ ದಿನಾಂಕ, ಬೇರೆ ಬೆಲೆ, ಎಫ್‌ಎಯಲ್ಲಿ ಇನ್ನೊಂದು ಸಾಲು. ಆಫ್ ಮಾಡಿ, ಅದೇ ದುಡ್ಡನ್ನು ಇಲ್ಲಿಗೆ ತರಿಸಿಕೊಳ್ಳುತ್ತಿದ್ದೇನೆ.

ಬ್ರೋಕರ್ ಖಾತೆಯ ಡಬ್ಲ್ಯೂ-8ಬೆನ್ (ನಾನು ಅಮೆರಿಕದವನಲ್ಲ ಅಂತ ಬರೆದುಕೊಡುವ ಫಾರ್ಮ್) ಸಹಿ ಮಾಡಿದ ವರ್ಷ ಬಿಟ್ಟು ಇನ್ನು ಮೂರು ವರ್ಷಕ್ಕೆ ಮುಗಿಯುತ್ತದೆ. ಪಕ್ಕದ ಟೀಮಿನ ಗೆಳೆಯರೊಬ್ಬರದು ಮುಗಿದು 30 ಪರ್ಸೆಂಟ್ ಹಿಡಿದರು. ಭಾರತ-ಅಮೆರಿಕ ತೆರಿಗೆ ಒಪ್ಪಂದದ ದರ 25. ಮೇಲಿನ ಐದಕ್ಕೆ ವಿದೇಶಿ ತೆರಿಗೆ ಕ್ರೆಡಿಟ್ಟಿನ ನಿಯಮವಾದ ರೂಲ್ 128ರಲ್ಲಿ ಇಲ್ಲಿ ಕ್ರೆಡಿಟ್ ಇಲ್ಲ, ಅದನ್ನು ಅಮೆರಿಕದಲ್ಲೇ ರಿಟರ್ನ್ ಹಾಕಿ ಕೇಳಬೇಕು. ನನ್ನದನ್ನು ಡಿಸೆಂಬರ್ ಡಿವಿಡೆಂಡಿಗೆ ಮುಂಚೆಯೇ ಹೊಸದು ಮಾಡಿಟ್ಟಿದ್ದೇನೆ.