ಅಲಸಂಡೆ ಬೀಜಕ್ಕೆ ಮರುವಾಯಿ ಚಿಪ್ಪಿನ ಪುಡಿ

ನಾಲ್ಕನೇ ವರ್ಷಕ್ಕೆ ಅಲಸಂಡೆ ಬೇರಿನ ಗಂಟು ಕೆಂಪಾಯಿತು. ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಗದ್ದೆಯಿದೆ, ಹೆಚ್ಚೆಂದರೆ 30 ಸೆಂಟ್ಸ್. ಏಣೇಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಮೇಲೆ ಅಲಸಂಡೆ ಹಾಕುತ್ತೇನೆ. ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು ರೈಜೋಬಿಯಂ. ಅದನ್ನು ಬೀಜಕ್ಕೆ ಹಚ್ಚಿ ಬಿತ್ತುತ್ತೇನೆ ಅಂದಾಗ ಆಚೆಮನೆ ಭಾವ, "ಬೀಜಕ್ಕೆ ಪೌಡರ್ ಹಾಕಿ ಮದುವೆಗೆ ಕಳಿಸುವುದಾ ಮಾರಾಯ?" ಎಂದು ನಕ್ಕಿದ್ದರು. ಮೂರು ವರ್ಷ ಅವರೇ ಗೆದ್ದರು.

ಮೊದಲ ಸಲದ ಪ್ಯಾಕೆಟ್ ಅಂಗಡಿಯ ಬಿಸಿಲಲ್ಲಿ ಬೆಂದದ್ದು. ಎರಡನೇ ಸಲ ಗಂಜಿತಿಳಿಯಲ್ಲಿ ಕಲಸಿದೆ. ಅದಕ್ಕೆ ಉಪ್ಪು ಬಿದ್ದಿತ್ತೆಂದು ಬಿತ್ತಿದ ಮೇಲೆ ಮನೆಯವಳು ಹೇಳಿದಳು. ಮೂರನೆಯದು ನನ್ನದೇ ಅತಿಬುದ್ಧಿ. ನಮ್ಮ ಮುರಕಲ್ಲಿನ ಮಣ್ಣು ಹುಳಿ, ಪಿಎಚ್ 5ರ ಆಸುಪಾಸು. ಹುಳಿಗೆ ಸುಣ್ಣವೇ ಮದ್ದಲ್ಲವೇ ಎಂದು ಎಲೆಯಡಿಕೆಯ ಸುಣ್ಣವನ್ನೇ ಬೀಜಕ್ಕೆ ಬಳಿದೆ. ನಾಲಗೆ ಸುಡುವ ಸುಣ್ಣ ಜೀವಾಣುವನ್ನು ಬಿಟ್ಟೀತೇ? ಬೀಜ, ಕೂಲಿ ಎಲ್ಲ ಸೇರಿ ಮೂರು ವರ್ಷಕ್ಕೆ ಹತ್ತು ಸಾವಿರದಷ್ಟು ನೀರಿಗೆ ಹೋಯಿತು.

ನಡುವೆ ಒಂದು ಪ್ಯಾಕೆಟಿನಿಂದ ಹತ್ತು ಮಾಡುವ ಆಸೆಗೆ ಬೆಲ್ಲದ ನೀರಲ್ಲಿ ರೈಜೋಬಿಯಂ ಬೆಳೆಸಲು ಹೋದೆ. ಮೂರನೇ ದಿನ ಬಾಟಲಿಯ ಮುಚ್ಚಳ ಹಾರಿ, ಉಗ್ರಾಣವಿಡೀ ಕಳ್ಳಿನ ವಾಸನೆ. ಈ ಜೀವಿ ನಿಧಾನಿ; ಅದು ಎರಡಾಗುವಷ್ಟರಲ್ಲಿ ಯೀಸ್ಟು ಬೆಲ್ಲ ಮುಗಿಸಿರುತ್ತದೆ.

ಈ ಸಲ ಹುಳಿಗೆ ಮದ್ದಾಗಿ ಕುಂಬಳೆ ಹೊಳೆಯ ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು ತಂದೆ. ಸುಡಲಿಲ್ಲ, ಗುಟ್ಟು ಅದೇ. ಸುಟ್ಟರೆ ಮತ್ತೆ ಅದೇ ಖಾರದ ಸುಣ್ಣ. ಮಿಲ್ಲಿನವರು ಒಪ್ಪಲಿಲ್ಲ, ಹಳೇ ಒರಳಲ್ಲಿ ಕುಟ್ಟಿ ಬಟ್ಟೆಯಲ್ಲಿ ಗಾಳಿಸಿದೆ. ತಣಿದ, ಉಪ್ಪಿಲ್ಲದ ತಿಳಿಯಲ್ಲಿ ಮೂರು ಕಿಲೋ ಬೀಜ ಒದ್ದೆಮಾಡಿ, ಮೊದಲು ಜೀವಾಣು, ಮೇಲಿಂದ ಚಿಪ್ಪಿನ ಪುಡಿ. ನೆರಳಲ್ಲಿ ಆರಿಸಿ ಸಂಜೆಯೇ ಬಿತ್ತನೆ. ತಿಳಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ಸದ್ಯ ನನ್ನಲ್ಲೇ ಇರಲಿ. ಯೂರಿಯಾ ಒಂದು ಹಿಡಿಯೂ ಇಲ್ಲ. ಸಾರಜನಕ ಪುಕ್ಕಟೆ ಸಿಕ್ಕಿದರೆ ಗಿಡ ಗಂಟು ಕಟ್ಟುವ ಕಷ್ಟ ಯಾಕೆ ತೆಗೆದುಕೊಳ್ಳುತ್ತದೆ?

ತಿಂಗಳಾದಾಗ ಪಿಕ್ಕಾಸಿನಲ್ಲಿ ಅಗೆದೆ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ಗಂಟು ಹಿಂದೆಯೂ ಬರುತ್ತಿತ್ತು, ಸಾಸಿವೆಯಷ್ಟು, ಸೀಳಿದರೆ ಬೆಳ್ಳಗೆ, ಕೆಲಸ ಮಾಡದವು. ಈಗ ತಾಯಿಬೇರಿನ ಬುಡದಲ್ಲೇ ಮೆಣಸಿನ ಕಾಳಿನಷ್ಟು ದಪ್ಪದವು. ಉಗುರಲ್ಲಿ ಒತ್ತಿದೆ, ಬೆರಳಿಗೆ ನಸುಗೆಂಪು ರಸ ಹತ್ತಿತು. ಭಾವನ ಮೂಗಿನ ಕೆಳಗೇ ಹಿಡಿದೆ!

ಕಾಯಿ ಮೂರೂವರೆ ಕ್ವಿಂಟಲ್ ಆಗಿರಬಹುದು; ಹಿಂದೆ ಎರಡು ದಾಟಿದ್ದಿಲ್ಲ. ಜೀವಾಣು ಅಲ್ಲೂ ಹಬ್ಬಲೆಂದು ಆ ಗದ್ದೆಯ ಮೂರು ಬುಟ್ಟಿ ಮಣ್ಣನ್ನು ಗುಡ್ಡದ ಬದಿಯ ಹೊಸ ಜಾಗಕ್ಕೂ ಬೆರೆಸಿ ಬಿತ್ತಿದ್ದೇನೆ. ಮೊನ್ನೆ ಒಂದು ಗಿಡ ಅಗೆದು ನೋಡಿದೆ. ಐದು ಗಂಟು. ಮೂರು ಕೆಂಪು, ಎರಡು ಬಿಳಿ.